ಸುಧಾರಣೆಯೆಂಬ ಮಡಿ

ದಾರಿ ತಪ್ಪಿದವರನ್ನು ಸರಿದಾರಿಗೆ ತರುತ್ತೇವೆ ಎಂಬ ಮಾತನ್ನು ಪ್ರಭುತ್ವಗಳು ಬಹಳ ಮೃದುವಾಗಿ ಆಡುತ್ತವೆ. ಆ ದಾರಿ ಹಾಕಿದವರು ಯಾರು ಅಂತ ಕೇಳುವುದು ದಲಿತ ವಿಮರ್ಶೆಯ ಮೊದಲ ಕೆಲಸವೆಂದು ನಾನು ತಿಳಿದಿದ್ದೇನೆ. ಈ ಪ್ರಶ್ನೆ ಹಿಡಿದು ಕೀನ್ಯಾದ ಮೌ ಮೌ ಚರಿತ್ರೆಯನ್ನು ಓದಬೇಕು.

ಫಲವತ್ತಾದ ಎತ್ತರದ ನೆಲವೆಲ್ಲ ಬಿಳಿಯರ ಪಾಲಾಗಿ, ಗಿಕುಯು ರೈತರು ತಮ್ಮದೇ ಮಣ್ಣಿನಲ್ಲಿ ಕೂಲಿಗಳಾದರು. ನೆಲಕ್ಕಾಗಿ ಆಣೆ ಮಾಡಿ ಆಯುಧ ಹಿಡಿದರು. 1952ರ ಅಕ್ಟೋಬರಿನಲ್ಲಿ ತುರ್ತುಪರಿಸ್ಥಿತಿ ಬಂತು. ಮೌ ಮೌ ಹಿಂಸೆಯನ್ನು ನಾನು ಮುಚ್ಚಿಡಲಾರೆ. 1953ರ ಮಾರ್ಚಿನಲ್ಲಿ ಲಾರಿ ಎಂಬಲ್ಲಿ ಅವರ ದಾಳಿಗೆ ಸತ್ತವರಲ್ಲಿ ಗಿಕುಯು ಹೆಂಗಸರು, ಮಕ್ಕಳೇ ಹೆಚ್ಚು.

ಹಿಡಿದವರನ್ನು ಏನು ಮಾಡೋದು? ಥಾಮಸ್ ಆಸ್ಕ್‌ವಿತ್ ಎಂಬ ಅಧಿಕಾರಿ 1953ರಲ್ಲಿ ಮಲಯಾಕ್ಕೆ ಹೋಗಿ, ಅಲ್ಲಿನ ಕಮ್ಯುನಿಸ್ಟ್ ಬಂದಿಗಳ ಶಿಬಿರಗಳನ್ನು ನೋಡಿಬಂದು, ಓದು, ಕಸುಬು, ಪೌರಶಿಕ್ಷಣದ ಯೋಜನೆ ಬರೆದ. ಕಾಗದದ ಮೇಲೆ ಅದು ಚೆನ್ನಾಗೇ ಇತ್ತು. ಶಿಬಿರಗಳಲ್ಲಿ ಬಂದಿಗಳನ್ನು ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿದರು. ಆಣೆ ಮಾಡಿದ್ದನ್ನು ಒಪ್ಪಿಕೊಂಡವನು 'ಬಿಳಿ'ಯತ್ತ ಸರಿಯುತ್ತ, ಶಿಬಿರದಿಂದ ಶಿಬಿರಕ್ಕೆ ದಾಟಿ ಊರು ಸೇರಬೇಕು. ಆಣೆ ಕಳೆಯಲು ಶುದ್ಧಿಯ ಶಾಸ್ತ್ರಗಳೂ ನಡೆದವು.

ಇಲ್ಲಿ ನನಗೆ ಮಹಾಡ್ ನೆನಪಾಗುತ್ತದೆ. 1927ರಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ಚೌದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣೀಯರು ಸೆಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಎರಡೂ ಕಡೆ ಹಕ್ಕಿನ ಪ್ರಶ್ನೆ ಮೈಲಿಗೆಯ ಪ್ರಶ್ನೆಯಾಗಿ ಮಾರ್ಪಟ್ಟಿತು. ನಮ್ಮ ಹುಬ್ಬಳ್ಳಿಯ ಸೆಟ್ಲ್‌ಮೆಂಟಿನಲ್ಲೂ ಇದೇ ಬ್ರಿಟಿಷರು 'ಅಪರಾಧಿ ಬುಡಕಟ್ಟು'ಗಳನ್ನು ಸುಧಾರಣೆಯ ಹೆಸರಿನಲ್ಲಿ ಕೂಡಿಹಾಕಿದ್ದರು. ಅವರಿಗೆ ಹುಟ್ಟೇ ಅಪರಾಧವಾಗಿತ್ತು.

1959ರ ಮಾರ್ಚ್ 3ರಂದು ಹೋಲಾ ಶಿಬಿರದಲ್ಲಿ, ದುಡಿಯಲೊಪ್ಪದ 11 ಬಂದಿಗಳನ್ನು ಕಾವಲುಗಾರರು ಬಡಿದು ಕೊಂದರು. ನೀರು ಕುಡಿದು ಸತ್ತರು ಅಂತ ಸರಕಾರ ಮೊದಲು ಹೇಳಿತು. ಶಿಬಿರಗಳ ಹಿಂಸೆಯನ್ನು ವಿರೋಧಿಸಿದ ಆಸ್ಕ್‌ವಿತ್‌ನನ್ನು ಅಷ್ಟರಲ್ಲಾಗಲೇ ಆ ಹೊಣೆಯಿಂದ ತೆಗೆದಿದ್ದರು. ಬ್ರಿಟನ್ ವಿಷಾದ ಸೂಚಿಸಿ, 5,228 ಮಂದಿಗೆ ಪರಿಹಾರ ಒಪ್ಪಿಕೊಂಡದ್ದು 2013ರಲ್ಲಿ.

ಆಯುಧ ಹಿಡಿದ ಮನುಷ್ಯ ಬದಲಾಗಬಲ್ಲ, ಬದಲಾಗಬೇಕು. ಆದರೆ 'ಬಿಳಿ'ಯಾಗಿ ಮನೆಗೆ ಮರಳಿದ ಗಿಕುಯುವಿಗೆ ಕಂಡದ್ದೇನು? ಅವನು ಒಳಗಿದ್ದಾಗ, 1954ರ ಸ್ವಿನರ್ಟನ್ ಯೋಜನೆಯಡಿ ಹೊಲಗಳನ್ನು ಒಗ್ಗೂಡಿಸಿ ಹಂಚಿದ್ದರು. ಒಳ್ಳೆಯ ನೆಲ ಸರಕಾರಕ್ಕೆ ನಿಷ್ಠರಾದವರ ಕೈ ಸೇರಿತ್ತು. ಬಂದಿ ಸುಧಾರಿಸಿದನೋ ಎಂದು ಅಳೆಯುವವರು, ಅವನನ್ನು ಬಂಡಾಯಕ್ಕೆ ಹಚ್ಚಿದ ನೆಲದ ಲೆಕ್ಕವನ್ನೂ ಒಪ್ಪಿಸಬೇಕು. ಆ ಲೆಕ್ಕ ಕೇಳದ ಪುನರ್ವಸತಿ ಬರೀ ಮಡಿ.