ಐದನೇ ಇಯತ್ತೆಯ ಪ್ರಾಧ್ಯಾಪಕಿ

1924ರ ಡಿಸೆಂಬರ್. ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ. ಸ್ವಾಗತಗೀತೆ ಹಾಡಲು ಬಂದವರಲ್ಲಿ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ಮನಸ್ಸಿನಲ್ಲಿ ಒಂದೇ ಅಳುಕು: ಜಾತಿ ತಿಳಿದು, ಊಟವಾದ ಮೇಲೆ ಎಲ್ಲರ ಎಂಜಲು ಎತ್ತು ಎಂದುಬಿಟ್ಟರೆ? ಈ ಅಳುಕನ್ನು ಗಂಗೂಬಾಯಿ ಹಾನಗಲ್ಲರೇ ಮುಂದೆ ಹೇಳಿಕೊಂಡಿದ್ದಾರೆ.

ಗಂಗೂಬಾಯಿ ಓದಿದ್ದು ಐದನೇ ಇಯತ್ತೆಯವರೆಗೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ; ಮಗಳ ಹಿಂದೂಸ್ತಾನಿ ಗಾಯನಕ್ಕೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದವರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಎದುರು ಕುಳಿತು ಕಲಿತದ್ದೇ ಗಂಗೂಬಾಯಿಯವರ ಕಾಲೇಜು. ಅವರನ್ನೇ ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಸಂಗೀತದ ಗೌರವ ಪ್ರಾಧ್ಯಾಪಕಿಯಾಗಿ ಬರಮಾಡಿಕೊಂಡಿತು. ಇಂದು ಮೈಸೂರಿನಲ್ಲಿ ಅವರ ಹೆಸರಿನದೇ ಒಂದು ವಿಶ್ವವಿದ್ಯಾಲಯವಿದೆ. (ಹುಬ್ಬಳ್ಳಿಯ ಗಾಯಕಿಯ ಹೆಸರು ಮೈಸೂರಿಗೇಕೆ ಎಂದು ಕೇಳುವವರಿದ್ದಾರೆ. ಅದು ಬೇರೆಯೇ ಚರ್ಚೆ.)

ಆದರೆ ಸಂಗೀತ ತರಗತಿಯ ಕೋಣೆಗೆ ಬಂದ ಕಥೆ ಇಷ್ಟು ಸರಳವಲ್ಲ. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಬಂತು. ಅದುವರೆಗೆ ಘರಾಣೆಯ ಮನೆಯೊಳಗೆ ಹುಟ್ಟಿದವರಿಗೆ, ಇಲ್ಲವೇ ಉಸ್ತಾದರ ಕೃಪೆಗೆ ಪಾತ್ರರಾದವರಿಗೆ ಮಾತ್ರ ಸಿಗುತ್ತಿದ್ದ ಚೀಜುಗಳು ಸ್ವರಲಿಪಿಯಾಗಿ, ಪಠ್ಯಪುಸ್ತಕವಾಗಿ ಅಚ್ಚಾದವು. ಫೀಜು ಕಟ್ಟಿದವರು ಕಲಿಯಬಹುದಾಯಿತು. ಮಧ್ಯಮವರ್ಗದ ಮನೆಗಳ ಹೆಣ್ಣುಮಕ್ಕಳು ತಂಬೂರಿ ಹಿಡಿದು ಕುಳಿತುಕೊಳ್ಳುವುದು ಮರ್ಯಾದೆಯ ವಿಷಯವೇ ಆಯಿತು. ಇದು ಸಣ್ಣ ಸಾಧನೆಯಲ್ಲ.

ಹಾಗೆ ಬಾಗಿಲು ತೆರೆದಾಗಲೇ ಇನ್ನು ಕೆಲವರು ಹೊಸ್ತಿಲಾಚೆ ಉಳಿದರು. ತಲೆಮಾರುಗಳಿಂದ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದಿದ್ದ ಹಾಡುವ ಮನೆತನಗಳ ಹೆಂಗಸರನ್ನು ‘ಕುಲೀನ’ ಸಂಗೀತಲೋಕ ದೂರವಿಟ್ಟಿತು. ಅವರ ಠುಮ್ರಿ, ಜಾವಳಿಗಳು ಪಠ್ಯಕ್ರಮಕ್ಕೆ ಬಂದವು, ಅವರು ಬರಲಿಲ್ಲ. ಓದುಬರಹ ಬಾರದ ಉಸ್ತಾದರ ಪಾಡೂ ಬಹುಮಟ್ಟಿಗೆ ಇದೇ. ಗಂಗೂಬಾಯಿ ಒಳಗೆ ಬಂದದ್ದು ಅಪವಾದ; ಅಪವಾದವನ್ನು ತೋರಿಸಿ ನಿಯಮ ಸರಿಯಿದೆ ಎನ್ನಲಾಗದು.

ಈಗ ನಿಯಮವನ್ನೇ ನೋಡೋಣ. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಜತೆಗೆ ನೆಟ್ ಅಥವಾ ಪಿಎಚ್.ಡಿ. ಬೇಕೆಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗದ ಸಾಮಾನ್ಯ ಕ್ರಮ. ಸಂಗೀತಕ್ಕೆ 2018ರ ನಿಯಮಾವಳಿಯಲ್ಲಿ ಇನ್ನೊಂದು ದಾರಿಯನ್ನೂ ಇಟ್ಟರು: ಹೆಸರಾಂತ ಗುರುಗಳಲ್ಲಿ ಕಲಿತ ಸಾಧಕರೂ ಅರ್ಹರು. ಆದರೆ ಅಲ್ಲಿಯೂ ಒಂದು ಪದವಿ ಇರಲೇಬೇಕು! ಐದನೇ ಇಯತ್ತೆಯ ಗಂಗೂಬಾಯಿ ಅರ್ಜಿ ಹಾಕಿದ್ದರೆ ಗುಮಾಸ್ತರು ಮೊದಲ ಪುಟದಲ್ಲೇ ತಿರಸ್ಕರಿಸುತ್ತಿದ್ದರು.

ಜಾನಪದದ ಮಾತೇನು? ಚೌಡಿಕೆ, ತಮಟೆ, ಡೊಳ್ಳುಗಳಿಗೆ ‘ಶಾಸ್ತ್ರೀಯ’ ವಿಭಾಗಗಳಲ್ಲಿ ಸ್ಥಾನ ಸಿಕ್ಕಿದ್ದು ಕಡಿಮೆ. 2011ರಲ್ಲಿ ಹಾವೇರಿ ಜಿಲ್ಲೆಯ ಗೋಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಆರಂಭವಾಯಿತು. ಜನಪದ ಕಲೆಗೆಂದೇ ಒಂದು ವಿಶ್ವವಿದ್ಯಾಲಯ ಎಂಬುದು ಹೆಮ್ಮೆಯ ಸಂಗತಿ. ಆದರೂ ಈ ಲೇಖಕನಿಗೊಂದು ಅನುಮಾನ: ರಾಗ ಕಲಿಯುವವರು ಒಂದು ಊರಿನಲ್ಲಿ, ತಮಟೆ ಕಲಿಯುವವರು ಮತ್ತೊಂದು ಊರಿನಲ್ಲಿ ಎಂದಾದರೆ, ಬೆಳಗಾವಿಯಲ್ಲಿ ಆ ಹುಡುಗಿ ಅಂಜಿದ್ದ ಪ್ರತ್ಯೇಕ ಪಂಕ್ತಿ ಇಲ್ಲಿಯೂ ಉಳಿದಂತಲ್ಲವೇ? ಸ್ವರಲಿಪಿ ಬಲ್ಲ ವಿದ್ಯಾರ್ಥಿಗೆ ತಮಟೆಯ ಲೆಕ್ಕಾಚಾರ ತಿಳಿಯಬೇಕಾದರೆ ಯಾರ ಎದುರು ಕೂರಬೇಕು?

2022ರಲ್ಲಿ ಆಯೋಗ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಅನುಮತಿ ನೀಡಿತು. ಇದಕ್ಕೆ ಪದವಿಯ ಕಡ್ಡಾಯವಿಲ್ಲ, ಅನುಭವವೇ ಅರ್ಹತೆ. ಚೌಡಿಕೆ ಹಿಡಿದ ಜೋಗತಿಯೊಬ್ಬರನ್ನು ಈ ಹುದ್ದೆಗೆ ಕರೆಯಲು ಕಾಗದದ ಮೇಲೆ ಅಡ್ಡಿಯೇನೂ ಕಾಣದು. ಆದರೆ ಇಂಥ ಹುದ್ದೆಗಳು ಮಂಜೂರಾದ ಒಟ್ಟು ಹುದ್ದೆಗಳ ಶೇಕಡ 10ನ್ನು ಮೀರುವಂತಿಲ್ಲ. ಅವಧಿ ಮೂರು ವರ್ಷ, ಹೆಚ್ಚೆಂದರೆ ನಾಲ್ಕು.