ಕೊಪಣಾಚಲದ ಹೆಜ್ಜೆಗುರುತುಗಳು

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರವು ಪ್ರಾಚೀನ ಊರಲ್ಲ; ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ಗದ್ದೆಗಳ ನಡುವೆ ಬೆಳೆದ ನೆಲೆ. ಆದರೆ ಅದರ ಸುತ್ತಲಿನ ನಾಡು ಬಹು ಪುರಾತನವಾದುದು. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು, ಆನೆಗುಂದಿಯ ಕೋಟೆ, ಹೊಳೆಯಾಚೆಯ ಹಂಪೆ, ಕ್ರಿ.ಶ. 1112ರಲ್ಲಿ ನಿರ್ಮಾಣಗೊಂಡ ಇಟಗಿಯ ಮಹಾದೇವಾಲಯ, ಬೆಟ್ಟಗಳ ಮಡಿಲಲ್ಲಿರುವ ಕೊಪ್ಪಳ, ಇವೆಲ್ಲವೂ ಇಲ್ಲಿಂದ ಹೊರಟ ಯಾತ್ರಿಕನಿಗೆ ಎಟುಕುವಂಥವು. ರಜೆಯ ದಿನಗಳಲ್ಲಿ ನಮ್ಮ ಸಮಾಜದ ಕುಟುಂಬಗಳೂ ಈ ದಾರಿಯಲ್ಲಿ ಸಂಚರಿಸುತ್ತವೆ. ಅವರು ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಕೊಪ್ಪಳದ ಹಳೆಯ ಹೆಸರು ಕೊಪಣ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸುತ್ತದೆ. ಕ್ರಿ.ಶ. 993ರ ಅಜಿತಪುರಾಣದಲ್ಲಿ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯ ಶೀಲಕ್ಕೆ ಉಪಮಾನಗಳನ್ನು ಅರಸುತ್ತ ಕೊಪಣಾಚಲದ ಪಾವಿತ್ರ್ಯವನ್ನು ನೆನೆಯುತ್ತಾನೆ. ಹೊಯ್ಸಳರ ದಂಡನಾಯಕ ಹುಳ್ಳನು ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದವನು. ದೂರದ ಕೊಪಣದ ಮುನಿಸಂಘಕ್ಕೂ ಅವನು ದತ್ತಿಯನ್ನು ಕಲ್ಪಿಸಿದನೆಂದು ಬೆಳಗೊಳದ ಶಾಸನವೇ ಹೇಳುತ್ತದೆ. ಬೆಳಗೊಳವಿದ್ದೂ ಕೊಪಣವನ್ನು ಮರೆಯದಿದ್ದ ಕಾಲವದು.

ಇಂತಹ ಮಹಾತೀರ್ಥವನ್ನು ಅರಸಿ ಇಂದು ಕೊಪ್ಪಳಕ್ಕೆ ಬಂದವರು ಗಗನಚುಂಬಿ ಜಿನಾಲಯಗಳನ್ನು ನಿರೀಕ್ಷಿಸಿದರೆ ನಿರಾಶರಾಗುತ್ತಾರೆ. ಇಲ್ಲಿಯ ಸಂಪತ್ತು ಬಂಡೆಯ ಮೇಲಿದೆ. ಹೆಚ್ಚಿನದು ಕಾಲಡಿಯಲ್ಲಿಯೇ ಇದೆ. ಪಲ್ಲಕ್ಕಿಯಂತೆ ಚಪ್ಪಡಿ ಹೊತ್ತು ನಿಂತ ಪಾಲ್ಕಿಗುಂಡಿನ ಬಳಿ ಎರಡು ಪಾದಗಳ ಆಕೃತಿಯಿದೆ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನು ಅವನ್ನು ಮಾಡಿಸಿದನೆಂದೂ ಹಳಗನ್ನಡದ ಚಿಕ್ಕ ಬರಹ ತಿಳಿಸುತ್ತದೆ. ಈ ಆಚಾರ್ಯರೇ ಸಂಸ್ಕೃತದ ವರಾಂಗಚರಿತದ ಕವಿಯೆಂದು ಆ ಗ್ರಂಥವನ್ನು ಸಂಪಾದಿಸಿದ ಡಾ. ಆ.ನೇ. ಉಪಾಧ್ಯೆಯವರು ಗುರುತಿಸಿದರು. ಮೂವತ್ತೊಂದು ಸರ್ಗಗಳ ಕಾವ್ಯವನ್ನು ಬರೆದ ಕವಿಗೆ ಕೊಪಣದಲ್ಲಿರುವ ಸ್ಮಾರಕವು ಎರಡು ಹೆಜ್ಜೆಗಳಷ್ಟೇ.

ಶಕ ವರ್ಷ 803ರ, ಅಂದರೆ ಕ್ರಿ.ಶ. 881ರ ಇಲ್ಲಿನ ಮತ್ತೊಂದು ಶಾಸನವು ಸರ್ವನಂದಿ ಭಟಾರರದು. ಕುಂದಕುಂದಾನ್ವಯದ ಈ ಮುನಿಗಳು ಇಲ್ಲಿಗೆ ಬಂದು ನೆಲೆಸಿ, ಊರಿಗೆ ಉಪಕಾರಿಗಳಾಗಿ, ಬಹುಕಾಲ ತಪಸ್ಸು ಮಾಡಿ ಸನ್ಯಸನ ವಿಧಿಯಿಂದ ದೇಹವನ್ನು ತ್ಯಜಿಸಿದರು. ಈ ಕ್ರಮವನ್ನು ಗಮನಿಸಬೇಕು. ಮೊದಲು ಊರಿಗೆ ಉಪಕಾರ, ಅನಂತರ ತಪಸ್ಸು, ಕೊನೆಗೆ ಸಮಾಧಿಮರಣ. ಬಾಳಿದ ರೀತಿಯನ್ನು ಹೇಳಿದ ಮೇಲೆಯೇ ಶಾಸನವು ಮರಣದ ಮಾತನ್ನು ಆಡುತ್ತದೆ.

ಇದೇ ಬೆಟ್ಟಗಳ ಮೇಲೆ ಮೌರ್ಯ ಅಶೋಕನ ಶಾಸನಗಳೂ ಇವೆ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಇವು 1931ರಲ್ಲಿ ಬೆಳಕಿಗೆ ಬಂದವು. ಕೆಲವರು ಅಭಿಮಾನಕ್ಕೆ ಇವನ್ನೂ ಜೈನ ಶಾಸನಗಳ ಸಾಲಿಗೆ ಸೇರಿಸುವುದುಂಟು, ಅದು ಸಲ್ಲದು. ತಾನು ಉಪಾಸಕನಾದುದನ್ನೂ ಸಂಘವನ್ನು ಸಮೀಪಿಸಿದುದನ್ನೂ ಹೇಳುವ ಬೌದ್ಧ ಅರಸನ ಮಾತು ಅದು. ಹಾಗೆಯೇ ಹಂಪೆಯ ಹೇಮಕೂಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಶಿಖರಗಳ ಗುಡಿಗಳನ್ನು ಬಹುಕಾಲ ಜೈನ ಗುಡಿಗಳೆಂದೇ ಕರೆಯಲಾಗುತ್ತಿತ್ತು. ಅವು ಶಿವಾಲಯಗಳು, ಅವುಗಳಲ್ಲೊಂದು ಕಂಪಿಲರಾಯನು ಕಟ್ಟಿಸಿದುದು. ಶಿಖರದ ರೂಪವನ್ನು ಕಂಡು ಮತವನ್ನು ನಿರ್ಣಯಿಸಿದ್ದರಿಂದಾದ ತಪ್ಪು ಇದು. ಸತ್ಯಾಣುವ್ರತವು ವ್ಯಾಪಾರದ ಮಾತಿಗೆ ಹೇಗೋ ಇತಿಹಾಸದ ಮಾತಿಗೂ ಹಾಗೆಯೇ ಅನ್ವಯಿಸುತ್ತದೆ. ನಮ್ಮದಲ್ಲದುದನ್ನು ನಮ್ಮದೆನ್ನುವ ನಾಲಗೆಯ ಮಾತನ್ನು, ನಮ್ಮದನ್ನು ನಮ್ಮದೆಂದು ಹೇಳಿದಾಗ ಯಾರು ನಂಬುವರು?

ಹಂಪೆಯಲ್ಲಿ ನಿಜವಾಗಿ ನಮ್ಮದಾದ ಎರಡು ನೆಲೆಗಳಿಗೆ ಶಾಸನಗಳ ಸಾಕ್ಷ್ಯವಿದೆ. ಜನರು ಗಾಣಗಿತ್ತಿ ಗುಡಿಯೆಂದು ಕರೆಯುವ ಬಸದಿಯು ಕುಂಥುನಾಥ ಜಿನಾಲಯ. ಎರಡನೆಯ ಹರಿಹರನ ದಂಡನಾಯಕನೂ ನಾನಾರ್ಥರತ್ನಮಾಲೆಯೆಂಬ ಕೋಶದ ಕರ್ತೃವೂ ಆದ ಇರುಗಪ್ಪನು 1385ರಲ್ಲಿ ಇದನ್ನು ಕಟ್ಟಿಸಿದನೆಂದು ಎದುರಿನ ದೀಪಸ್ತಂಭ ಸಾರುತ್ತದೆ. ಪಾನ್ ಸುಪಾರಿ ಬಜಾರಿನ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದವನು ಇಮ್ಮಡಿ ದೇವರಾಯ, 1426ರಲ್ಲಿ. ಅನ್ಯಮತದ ಅರಸನೊಬ್ಬನು ತನ್ನ ರಾಜಧಾನಿಯ ವೀಳ್ಯದಂಗಡಿಗಳ ಬೀದಿಯಲ್ಲಿ ಜಿನಮಂದಿರವನ್ನು ನಿರ್ಮಿಸಿದನೆಂಬುದು ಸ್ಮರಣೀಯ.

ಆನೆಗುಂದಿಯನ್ನು ದಾಟುವಾಗ 1368ರ ಒಂದು ಪ್ರಸಂಗವನ್ನು ಮಕ್ಕಳಿಗೆ ತಿಳಿಸಬೇಕು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ ಬುಕ್ಕರಾಯನಲ್ಲಿ ಮೊರೆಯಿಟ್ಟ ಜೈನರಲ್ಲಿ ಆನೆಗುಂದಿಯವರೂ ಇದ್ದರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸುವ ಹೊಣೆಯು ತಿರುಮಲೆಯ ತಾತಯ್ಯನಿಗೆ ಬಂದಿತು. ಉಳಿದ ಹಣ ಜೀರ್ಣ ಬಸದಿಗಳ ದುರಸ್ತಿಗೆ, ಸುಣ್ಣಕ್ಕೆ. ವಾದಿಸಿದವರೇ ಕಾವಲಿಗರಾದರು.

ಇಂದು ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಯಾತ್ರೆಯನ್ನು ಏರ್ಪಡಿಸುವಾಗ ಕೊಪ್ಪಳದ ಬಂಡೆಗಳಿಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಶಾಸನ ಬಲ್ಲವರೊಬ್ಬರು ಜೊತೆಗಿರಲಿ. ಪಾದಗಳಿಗೆ ಭಕ್ತಿಯಿಂದಲೇ ಆದರೂ ಎಣ್ಣೆ, ಕುಂಕುಮ, ಬಣ್ಣ ಹಚ್ಚಬಾರದು. ಅಕ್ಷರಗಳ ಮೇಲೆ ಸೀಮೆಸುಣ್ಣ ಎಳೆಯಬಾರದು. ಬಂಡೆಯನ್ನು ಏರುವವರು ಕೆಳಗೆ ನೋಡಿ ಹೆಜ್ಜೆಯಿಡಲಿ. ಈರ್ಯಾಸಮಿತಿಯ ಪಾಠ ಇಲ್ಲಿ ತಾನಾಗಿಯೇ ದೊರೆಯುತ್ತದೆ.

ಗವಿಮಠದ ಬಂಡೆಯಲ್ಲಿ ಅಶೋಕನು ಹೇಳಿದುದರ ಸಾರವೂ ಇದಕ್ಕೆ ಹೊಂದುವಂತಿದೆ. ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಸತತ ಪ್ರಯತ್ನದಿಂದ ಶ್ರೇಯಸ್ಸು ಸಾಧ್ಯವೆಂಬುದು ಅವನ ಅಭಿಪ್ರಾಯ. ಚಾವಯ್ಯನು ಅರಸನಲ್ಲ, ದಂಡನಾಯಕನೆಂದು ಹೇಳಿಕೊಂಡವನೂ ಅಲ್ಲ. ಗುರುವಿನ ಪಾದಗಳ ಬಳಿ ತನ್ನ ಹೆಸರನ್ನು ಒಂದು ಸಲ ಬರೆಸಿ ಸುಮ್ಮನಾದನು. ಆ ಪಾದಗಳು ಇನ್ನೂ ಅಲ್ಲಿಯೇ ಇವೆ.