ಗರ್ಭಸ್ಥ ಶಿಶುವಿನ ಹೃದಯ: ಕೇಳಿದ್ದು, ಅಳೆದದ್ದು

ಫ್ರಾನ್ಸಿನ ವೈದ್ಯ ಕೆರ್ಗರಡೆಕ್ 1821ರಲ್ಲಿ ಗರ್ಭಿಣಿಯೊಬ್ಬಳ ಉದರದ ಮೇಲೆ ಸ್ಟೆತೊಸ್ಕೋಪ್ ಇಟ್ಟದ್ದು ಶಿಶುವಿನ ಹೃದಯ ಬಡಿತ ಕೇಳುವುದಕ್ಕಲ್ಲ. ಶಿಶು ಅಲುಗಾಡಿದಾಗ ಸುತ್ತಲಿನ ದ್ರವದ ಸದ್ದು ಕೇಳಿಸೀತೆ ಎಂಬುದು ಆತನ ಕುತೂಹಲ. ಕೇಳಿಸಿದ್ದು ಮಾತ್ರ ಗಡಿಯಾರದ ಟಿಕ್ ಟಿಕ್‌ನಂಥ ಸದ್ದು. ನಿಮಿಷಕ್ಕೆ 143ರಿಂದ 148 ಬಡಿತ. ತಾಯಿಯ ನಾಡಿ ಇಷ್ಟು ವೇಗವಾಗಿರಲಿಲ್ಲ. ಜಿನೀವಾದ ಮೇಯರ್ 1818ರಲ್ಲಿಯೇ ಈ ಬಡಿತವನ್ನು ಬರಿಗಿವಿಯಿಂದ ಕೇಳಿದ್ದನೆಂಬುದು ನಿಜ. ಆದರೆ ಬಡಿತದ ಏರಿಳಿತದಿಂದ ಶಿಶುವಿನ ಆರೋಗ್ಯವನ್ನು ತಿಳಿಯಬಹುದೆ ಎಂಬ ಪ್ರಶ್ನೆಯನ್ನು ಎತ್ತಿದವನು ಕೆರ್ಗರಡೆಕ್.

ಹೃದಯ ಬಡಿದಾಗ ಸದ್ದಷ್ಟೇ ಅಲ್ಲ, ವಿದ್ಯುತ್ತೂ ಹುಟ್ಟುತ್ತದೆ. 1906ರಲ್ಲಿ ಜರ್ಮನಿಯ ಮ್ಯಾಕ್ಸ್ ಕ್ರೆಮರ್, ಐಂಥೋವನ್‌ನ ತಂತಿ ಗಾಲ್ವನೋಮೀಟರಿನಿಂದ ಗರ್ಭಸ್ಥ ಶಿಶುವಿನ ಹೃದಯದ ವಿದ್ಯುತ್ ಸಂಕೇತವನ್ನು ಮೊದಲು ದಾಖಲಿಸಿದ. (ಅದೇ ಲೇಖನದಲ್ಲಿ, ಕತ್ತಿ ನುಂಗುವ ಕಸುಬಿನವನೊಬ್ಬನಿಗೆ ಎಲೆಕ್ಟ್ರೋಡ್ ನುಂಗಿಸಿ ಅನ್ನನಾಳದಿಂದ ಹೃದಯದ ಸಂಕೇತ ಪಡೆದ ಪ್ರಯೋಗವೂ ಇದೆ!) ತಾಯಿಯ ಹೃದಯದ ಎತ್ತರದ ಶಿಖರಗಳ ನಡುವೆ ಶಿಶುವಿನದು ಪುಟ್ಟ ಮೊನೆಗಳಂತೆ ಕಂಡಿತು.

ತೊಡಕು ಇದ್ದದ್ದು ಅಲ್ಲಿಯೇ. ಉದರದ ಮೇಲೆ ಶಿಶುವಿನ ಸಂಕೇತ ಕೆಲವೇ ಹತ್ತು ಮೈಕ್ರೋವೋಲ್ಟ್. ತಾಯಿಯದು ಅದರ ಹಲವು ಪಟ್ಟು. ಎರಡರ ಆವೃತ್ತಿಗಳೂ ಒಂದರ ಮೇಲೊಂದು ಬೀಳುವುದರಿಂದ ಸಾಮಾನ್ಯ ಫಿಲ್ಟರು ಅವನ್ನು ಬೇರ್ಪಡಿಸಲಾರದು. ಸಾಲದ್ದಕ್ಕೆ, 28ರಿಂದ 32ನೇ ವಾರದ ಸುಮಾರಿಗೆ ಶಿಶುವಿನ ಮೈಮೇಲಿನ ಜಿಡ್ಡಿನ ಲೇಪ ಅವಾಹಕದಂತೆ ವರ್ತಿಸಿ ಸಂಕೇತವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೋ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಉಪಾಯ ನನಗೆ ಬಹಳ ಮೆಚ್ಚಿಕೆಯದು. ತಾಯಿಯ ಎದೆಯ ಮೇಲಿನ ಎಲೆಕ್ಟ್ರೋಡುಗಳಿಗೆ ಸಿಗುವುದು ಬಹುಮಟ್ಟಿಗೆ ಆಕೆಯ ಹೃದಯವೊಂದೇ. ಉದರದ ಮೇಲಿನವಕ್ಕೆ ಎರಡೂ. ಎದೆಯ ಸಂಕೇತವನ್ನು ಒಂದು ಫಿಲ್ಟರಿನಲ್ಲಿ ಹಾಯಿಸಿ, ಉದರದ ಸಂಕೇತದಿಂದ ಕಳೆಯಬೇಕು. ಉಳಿಕೆಯ ಸರಾಸರಿ ವರ್ಗ ಕನಿಷ್ಠವಾಗುವವರೆಗೂ ಫಿಲ್ಟರು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಗಾದರೆ ಶಿಶುವಿನ ಸಂಕೇತವೂ ಅಳಿಸಿಹೋಗಬೇಕಲ್ಲವೆ? ಇಲ್ಲ. ಎದೆಯ ಸಂಕೇತಕ್ಕೂ ಅದಕ್ಕೂ ಸಹಸಂಬಂಧವಿಲ್ಲ. ಆದ್ದರಿಂದ ಉಳಿಯುವುದು ಅದೇ.

ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಮಾತ್ರ ಡಾಪ್ಲರ್ ವಿಧಾನ. ಗರ್ಭಸ್ಥ ಶಿಶುವಿನ ಹೃದಯಕ್ಕೆ ಅದನ್ನು ಬಳಸಿದ ವರದಿ 1964ರಲ್ಲಿ ಬಂತು. ಶ್ರವಣಾತೀತ ಧ್ವನಿಯ ಆವೃತ್ತಿ 20 ಲಕ್ಷ ಹರ್ಟ್ಸ್, ಹೃದಯದ ಗೋಡೆಯ ವೇಗ ಸೆಕೆಂಡಿಗೆ 10 ಸೆಂಟಿಮೀಟರ್, ಅಂಗಾಂಶದಲ್ಲಿ ಧ್ವನಿವೇಗ ಸೆಕೆಂಡಿಗೆ 1540 ಮೀಟರ್ ಎಂದುಕೊಂಡರೆ ಆವೃತ್ತಿಯ ಪಲ್ಲಟ ಸುಮಾರು 260 ಹರ್ಟ್ಸ್. ಅಂದರೆ ನೇರವಾಗಿ ಕಿವಿಗೆ ಕೇಳುವ ಧ್ವನಿ! ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕವಿದು.

ಕೆರ್ಗರಡೆಕ್‌ನ ಪ್ರಶ್ನೆಗೆ ಇವು ಉತ್ತರ ಕೊಟ್ಟವೆ? ಅಮೆರಿಕದ ಡೆನ್ವರ್‌ನಲ್ಲಿ ಹೆರಿಗೆಯ ವೇಳೆ ಯಂತ್ರದ ಸತತ ನಿಗಾವನ್ನು, ದಾದಿಯರು ಆಗಾಗ ಆಲಿಸುವ ಕ್ರಮದೊಡನೆ ಹೋಲಿಸಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಶಿಶುಗಳ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಿತು. ಮುಂದಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ನವಜಾತ ಶಿಶುಗಳ ಸೆಳವು ಕಡಿಮೆಯಾದದ್ದು ಕಂಡುಬಂತು. ಸಾವು ಮತ್ತು ಮಿದುಳಿನ ಪಾರ್ಶ್ವವಾಯುವಿನ ಪ್ರಮಾಣ ಇಳಿದದ್ದು ಕಾಣಲಿಲ್ಲ.